ರೊಪ್ಪದ ಗುರುತಿದ್ದ ಡಬ್ಬಿ

ಟಗರು ತಮ್ಮನ ತಲೆಗೆ ಗುದ್ದಿದ್ದನ್ನು ನಾನು ನೋಡಲಿಲ್ಲ. ಯಾರೂ ನೋಡಲಿಲ್ಲ. ಅವನು ಆಮೇಲೆ ಹೇಳಿದ್ದನ್ನು ಇಲ್ಲಿ ಸೇರಿಸಿಕೊಂಡಿದ್ದೇನೆ.

ಹರಿಯಬ್ಬೆಗೆ ಹತ್ತಿರದ ನಮ್ಮ ಊರಿನಲ್ಲಿ ಅವತ್ತು ಬೆಳಿಗ್ಗೆ ಕುರಿಗಳಿಗೆ ಲಸಿಕೆ ಹಾಕುತ್ತಿದ್ದರು. ನಾನು ಚಿತ್ರದುರ್ಗದಲ್ಲಿ ಪತ್ರಿಕೆಯ ಕೆಲಸದಲ್ಲಿರುವವಳು, ವಾರದ ರಜೆಗೆ ತವರಿಗೆ ಬಂದಿದ್ದೆ. ಮುಳ್ಳುಬೇಲಿಯ ರೊಪ್ಪದೊಳಗೆ ಕುರಿಗಳನ್ನು ಒಂದೊಂದಾಗಿ ಹಿಡಿದು ಕೊಡಬೇಕು; ಲಸಿಕೆಯವರು ಚುಚ್ಚಿ ಬಿಡುತ್ತಾರೆ. ಹಿಡಿಯುತ್ತಿದ್ದವನು ಚಿಕ್ಕಪ್ಪ. ತಮ್ಮ ಬೇಲಿಯ ಬಾಯಲ್ಲಿ ನಿಂತು, ಹೊರಗೆ ಬಿಟ್ಟ ಕುರಿಗಳು ತಿರುಗಿ ಒಳಗೆ ನುಗ್ಗದಂತೆ ನೋಡಿಕೊಳ್ಳುತ್ತಿದ್ದ. ಅವನಿಗೆ ಕೊಟ್ಟಿದ್ದ ಕೆಲಸ ಅಷ್ಟೇ. ಟಗರಿನ ಹತ್ತಿರ ಅವನು ಹೋಗಬಾರದು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ತಮ್ಮನಿಗೆ ಹುಟ್ಟಿನಿಂದ ಹಿಮೋಫಿಲಿಯಾ ಇದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ಅವನ ಮೈಯಲ್ಲಿ ತಯಾರಾಗುವುದಿಲ್ಲ. ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ಗಾಯವೇ ಕಾಣದಿದ್ದರೂ ಮೊಣಕಾಲಿನೊಳಗೆ, ಮೊಣಕೈಯೊಳಗೆ ಸೋರುತ್ತದೆ. ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವ ಕಾಯಿಲೆ. ನಮ್ಮ ಸೋದರಮಾವ ಹಲ್ಲು ಕೀಳಿಸಿಕೊಂಡು ಬಂದು ಸತ್ತಿದ್ದ. ಊರಿನವರು ಅದನ್ನು ದೇವರ ಸಿಟ್ಟು ಎಂದಿದ್ದರು. ತಮ್ಮನ ಕಾಯಿಲೆಗೆ ಹೆಸರು ಹೇಳುವ ವೈದ್ಯರು ಸಿಕ್ಕ ಮೇಲೆಯೇ ತನ್ನ ಅಣ್ಣ ಯಾಕೆ ಸತ್ತ ಎಂಬುದು ಅವ್ವನಿಗೆ ತಿಳಿದದ್ದು.

ಆ ಅಂಶವನ್ನು ಪುಡಿ ಮಾಡಿ ಹೆಬ್ಬೆರಳು ಗಾತ್ರದ ಗಾಜಿನ ಬಾಟಲಿಯಲ್ಲಿ ಕೊಡುತ್ತಾರೆ. ಜೊತೆಗೆ ಬರುವ ನೀರಿನಲ್ಲಿ ಕರಗಿಸಿ ನರಕ್ಕೆ ಚುಚ್ಚಬೇಕು. ಎಲ್ಲರೂ ಅದನ್ನು ಫ್ಯಾಕ್ಟರ್ ಎನ್ನುತ್ತಾರೆ. ಪೇಟೆಯ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಹೆಸರನ್ನು ಇನ್ನೊಂದು ಸಲ ಹೇಳಿ ಎನ್ನುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ, ಆದರೆ ನಮಗೆ ಅದು ಸಿಗುವುದು ಚಿತ್ರದುರ್ಗದಲ್ಲಿ. ಊರಿನಿಂದ ಹಿರಿಯೂರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಮೊಣಕಾಲು ಊದಿಕೊಂಡವನಿಗೆ ಬಸ್ಸಿನ ಮೆಟ್ಟಿಲು ಹತ್ತುವುದೇ ಶಿಕ್ಷೆ. ತಲೆಗೆ ಪೆಟ್ಟು ಬಿದ್ದರಂತೂ ಆ ದಾರಿ ಮುಗಿಯುವವರೆಗೆ ಕಾಯುವಂತಿಲ್ಲ. "ತಲೆಗೆ ಏನೇ ತಗುಲಿದ್ರೂ ಮೊದಲು ಫ್ಯಾಕ್ಟರ್, ಆಮೇಲೆ ಸ್ಕ್ಯಾನ್" ಎಂದು ಅಲ್ಲಿನ ವೈದ್ಯೆ ನಮಗೆ ಬಾಯಿಪಾಠ ಮಾಡಿಸಿದ್ದರು. ನಾವು ಬಿಡದೆ ಕೇಳಿದ ಮೇಲೆ, ಅಂಥ ದಿನಕ್ಕೆಂದೇ ನಾಲ್ಕು ಬಾಟಲಿಗಳನ್ನು ಊರಲ್ಲಿ ಇಟ್ಟುಕೊಳ್ಳಲು ಕೊಟ್ಟರು. ಡಬ್ಬಿ ಹಿಡಿದು ಹಿರಿಯೂರಿನ ಆಸ್ಪತ್ರೆಗೆ ಹೋದರೆ ಅಲ್ಲಿ ಚುಚ್ಚುತ್ತಾರೆ. ಅರ್ಧ ದಾರಿ ಕಡಿಮೆಯಾಗುತ್ತದೆ.

ಇಡುವುದೆಲ್ಲಿ ಎಂಬುದೇ ಪ್ರಶ್ನೆಯಾಯಿತು. ತಣ್ಣಗಿರಬೇಕು, ಮಂಜುಗಡ್ಡೆಯಾಗಬಾರದು. ಬೇಸಿಗೆಯಲ್ಲಿ ನಮ್ಮ ಮನೆಯ ಫ್ರಿಜ್ಜನ್ನು ನಂಬುವಂತಿಲ್ಲ. ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಕರೆಂಟ್ ಇಲ್ಲದೆಯೂ ತಂಪು ಹಿಡಿದಿಡುವ ಫ್ರಿಜ್ ಊರಲ್ಲಿ ಒಂದೇ ಇತ್ತು, ದನದ ಆಸ್ಪತ್ರೆಯಲ್ಲಿ, ಲಸಿಕೆಗಾಗಿ. ಅಲ್ಲಿದ್ದವರು ಇಟ್ಟುಕೊಳ್ಳಲು ಒಪ್ಪಿದರು. ಊರಿನ ಬೇರೆ ಮನೆಗಳವರೂ ಕುರಿಯ ಔಷಧಿ ತಂದು ಅಲ್ಲೇ ಇಡುತ್ತಿದ್ದರು. ಅವುಗಳ ಜೊತೆ ಕಲೆತುಹೋಗಬಾರದೆಂದು ಅವ್ವ ನಮ್ಮ ಡಬ್ಬಿಯ ಮುಚ್ಚಳಕ್ಕೆ ರೊಪ್ಪದ ಗುರುತು ಬಳಿದಳು: ಎರಡು ಕೆಂಪು ಗೆರೆ, ನಡುವೆ ನೀಲಿ ಬೊಟ್ಟು. ಕುರಿಯ ಬೆನ್ನಿಗೆ ಹಾಕುವ ಬಣ್ಣವೇ. ಮೇಯುವಾಗ ಎರಡು ಮಂದೆ ಕಲೆತರೆ ಯಾರ ಕುರಿ ಯಾವುದೆಂದು ಬಿಡಿಸುವುದು ಈ ಗುರುತಿನಿಂದ. ನಮ್ಮ ಕಡೆ ಅಕ್ಷರ ಬಾರದವರಿಗೂ ಊರಿನ ಅಷ್ಟೂ ಗುರುತು ಬರುತ್ತವೆ.

"ಹೆಸರು ಬರೆದ ಚೀಟಿ ತಣ್ಣೀರಿಗೆ ಕಿತ್ತೋಗ್ತೈತೆ. ಇದು ಮಳೇಗೂ ಹೋಗಲ್ಲ" ಎಂದಳು ಅವ್ವ. ನಮಗೆಲ್ಲ ಅದು ಸರಿಯಾಗಿಯೇ ಕಂಡಿತು.

ಅವತ್ತು ಬೆಳಿಗ್ಗೆ ಟಗರೊಂದು ಚಿಕ್ಕಪ್ಪನ ಕೈ ತಪ್ಪಿಸಿಕೊಂಡು ಬಂತು. ತಮ್ಮ ಬಗ್ಗಿ ಬೇಲಿಗೆ ಅಡ್ಡ ಕಟ್ಟಿದ್ದ ಹಗ್ಗ ಬಿಗಿಯುತ್ತಿದ್ದ. ಕಣ್ಣಲ್ಲಿ ಮಿಂಚು ಹೊಡೆದಂತಾಯಿತಂತೆ. ಬೇಲಿಯ ಗೂಟ ಹಿಡಿದು ಸುಧಾರಿಸಿಕೊಂಡು, ಏನೂ ಆಗಿಲ್ಲವೆಂಬಂತೆ ನಿಂತ. ಯಾಕೆ ಹೇಳಲಿಲ್ಲ ಎಂದು ಆಮೇಲೆ ಕೇಳಿದ್ದಕ್ಕೆ, "ಹೇಳಿದ್ರೆ ನಾಳೆಯಿಂದ ರೊಪ್ಪದ ಕಡೀಗೇ ಬಿಡ್ತಿರಲಿಲ್ಲ ನೀವು" ಎಂದ.

ಲಸಿಕೆಯವರು ಮುಂದಿನ ಊರಿಗೆ ಹೋದರು. ಚಿಕ್ಕಪ್ಪ ಮಂದೆ ಹೊಡೆದುಕೊಂಡು ಊರಾಚೆಯ ಮೇವಿನ ಬಯಲಿಗೆ, ಕಾವಲಿನ ಕಡೆ ಹೋದ. ನಾವು ಊಟಕ್ಕೆ ಕುಳಿತೆವು.

ತಮ್ಮನ ಹೆಂಡತಿ ಅವನ ತಟ್ಟೆ ನೋಡಿದಳು. "ಮುದ್ದೆ ಹಂಗೇ ಐತಲ್ಲ?"

"ನಿನ್ನ ಸಾರು ನೋಡಿ ಹೆದ್ರಿಕಂಡೈತೆ ಅದು" ಎಂದ. ನಾವು ನಕ್ಕೆವು. ನಗು ಮುಗಿಯುವುದರೊಳಗೆ ಅವನು ಎದ್ದು ಹಿತ್ತಲಿಗೆ ಹೋಗಿ ವಾಂತಿ ಮಾಡಿದ.

ಅವಳು ಹಿಂದೆಯೇ ಓಡಿದಳು. ಬಾಯಿ ತೊಳೆಸುವಾಗ ಅವನ ತಲೆ ಹಿಡಿದವಳು ಕೈ ಹಿಂದಕ್ಕೆ ಎಳೆದುಕೊಂಡಳು. ಕಿವಿಯ ಮೇಲೆ, ಕೂದಲಿನೊಳಗೆ, ಮೆತ್ತಗಿನ ಊತ.

"ಏನಿದು? ಏನ್ರೀ ಇದು?"

"ಟಗರು" ಎಂದ ಅವನು. ಮಗು ತಪ್ಪೊಪ್ಪಿಕೊಂಡಂತೆ ಹೇಳಿದ.

ಆಮೇಲೆ ಯಾರೂ ಅವನನ್ನು ಬೈಯಲಿಲ್ಲ. ಅದರಿಂದಲೇ ಅವನಿಗೂ ಭಯವಾಯಿತು ಎಂದು ಕಾಣುತ್ತದೆ. ಗೋಡೆಗೆ ಒರಗಿ ನನ್ನ ಮುಖವನ್ನೇ ನೋಡತೊಡಗಿದ. ನಾನು ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಹಿರಿಯೂರಿನಿಂದ ಹೊರಡುತ್ತದೆ, ಡಾಂಬರು ರಸ್ತೆಯವರೆಗೆ ಕರೆತನ್ನಿ ಎಂದರು. ಅವನ ಹೆಂಡತಿ ಡಬ್ಬಿ ತರಲು ದನದ ಆಸ್ಪತ್ರೆಗೆ ಓಡಿದಳು.

ಬರಿಗೈಯಲ್ಲಿ ಬಂದಳು. "ಇಲ್ಲಕ್ಕ. ಕಸ ಗುಡಿಸೋರು ಬಾಗಿಲು ತೆಗೆದು ತೋರಿಸಿದ್ರು, ಫ್ರಿಜ್ಜೇ ಖಾಲಿ ಐತೆ."

ನಮ್ಮ ಡಬ್ಬಿಯ ಸಂಗತಿ ಗೊತ್ತಿದ್ದ ಸಿಬ್ಬಂದಿ ಆ ವಾರ ರಜೆಯಲ್ಲಿದ್ದರು. ಬದಲಿಗೆ ಬಂದಿದ್ದವರ ನಂಬರನ್ನು ಅವಳು ಬಾಗಿಲಿನ ಮೇಲಿಂದ ಬರೆದುಕೊಂಡು ಬಂದಿದ್ದಳು. ಫೋನ್ ಮಾಡಿದಾಗ ಅವರು ಇನ್ನೊಂದು ಊರಿನ ರೊಪ್ಪದಲ್ಲಿದ್ದರು. ಕುರಿಗಳ ಗದ್ದಲದಲ್ಲಿ ಎರಡೆರಡು ಸಲ ಕೂಗಿ ಹೇಳಬೇಕಾಯಿತು.

"ಕೆಂಪು ಗೆರೆ ಡಬ್ಬೀನಾ? ನಿಮ್ಮ ರೊಪ್ಪದಾಗೇ ಕೊಟ್ಟೆನಲ್ಲಮ್ಮ ಬೆಳಿಗ್ಗೆ. ನಿಮ್ಮ ಕುರಿ ಮೇಲೆ ಇರೋ ಗುರುತೇ ಇತ್ತು. ಕುರಿ ಔಷಧಿ ಇಲ್ಲಿ ಯಾಕೆ ಬಿದ್ದಿರಬೇಕು ಅಂತ ಎಲ್ಲರದ್ದೂ ವಾಪಸ್ ಕೊಟ್ಟೆ, ನಿಮ್ಮದು ನಿಮ್ಮ ಯಜಮಾನ್ರ ಕೈಗೇ ಕೊಟ್ಟೆ."

"ಯಾರ ಕೈಗೆ?"

"ಕುರಿ ಹಿಡ್ಕಂಡಿದ್ರಲ್ಲ, ಮುಂಡಾಸಿನೋರು."

ಚಿಕ್ಕಪ್ಪ. ತಿಂಗಳುಗಟ್ಟಲೆ ಮಂದೆಯ ಜೊತೆ ಹೊರಗಿದ್ದು, ಗೊಬ್ಬರಕ್ಕೆಂದು ಕಂಡವರ ಹೊಲದಲ್ಲಿ ಕುರಿ ಕೂಡಿಸುತ್ತ ತಿರುಗಿ, ಆ ವಾರವಷ್ಟೇ ಊರಿಗೆ ಬಂದಿದ್ದ. ಡಬ್ಬಿ ಇಟ್ಟದ್ದು ಅವನಿಲ್ಲದಾಗ. ನಾನು ಹೆದರಿದ್ದು ಡಬ್ಬಿ ಬಿಸಿಲಿಗೆ ಹೋಗಿದೆ ಎಂದಲ್ಲ. ನಮ್ಮ ಕಡೆ ಕುರಿ ಸಾಕುವವರು ಸಣ್ಣಪುಟ್ಟ ಕಾಯಿಲೆಗೆ ಯಾರನ್ನೂ ಕರೆಯುವುದಿಲ್ಲ. ಸೂಜಿ, ಸಿರಿಂಜು ಸೊಂಟದ ಚೀಲದಲ್ಲೇ ಇರುತ್ತವೆ. ತಮ್ಮ ಕೈಯಿಂದಲೇ ಚುಚ್ಚುತ್ತಾರೆ.

ಅವ್ವನೂ ಅದನ್ನೇ ಯೋಚಿಸಿದಳು. "ಕುರಿಗೆ ಹಾಕಿಬಿಟ್ಟಾನೇನೇ?" ಎಂದಳು. ಚಿಕ್ಕಪ್ಪನ ಫೋನ್ ಕಾವಲಿನಲ್ಲಿ ಸಿಗುವುದಿಲ್ಲ. ಸಿಗುವುದಿಲ್ಲ ಎಂದು ಗೊತ್ತಿದ್ದೂ ನಾನು ಮಾಡುತ್ತಲೇ ಇದ್ದೆ.

ತಮ್ಮನ ಮೊಪೆಡ್ ಹತ್ತಿ ಹೊರಟೆ. ಕಾವಲಿಗೆ ದಾರಿ ಎಂಬುದಿಲ್ಲ, ಕುರಿ ನಡೆದ ಜಾಡು ಮಾತ್ರ. ಮಧ್ಯಾಹ್ನದ ಬಿಸಿಲಿಗೆ ಕುರಿ ಮೇಯುವುದಿಲ್ಲ, ತಲೆ ತಗ್ಗಿಸಿ ಒಂದರ ನೆರಳಿಗೆ ಇನ್ನೊಂದು ನಿಲ್ಲುತ್ತವೆ. ಗಂಟೆಯ ಸದ್ದೂ ಇರುವುದಿಲ್ಲ, ಧೂಳೂ ಏಳುವುದಿಲ್ಲ. ನಾನು ಜಾಲಿಯ ಮೆಳೆಗಳ ನಡುವೆ ಗಾಡಿ ನಿಲ್ಲಿಸಿ ನಿಲ್ಲಿಸಿ ಕೂಗಿದೆ. ಆ ಹೊತ್ತಿನಲ್ಲಿ ತಲೆಯಲ್ಲಿ ಇದ್ದದ್ದು ಒಂದೇ ಚಿತ್ರ: ತಮ್ಮನ ತಲೆಬುರುಡೆಯೊಳಗೆ ಹನಿ ಹನಿಯಾಗಿ ಕೂಡುತ್ತಿರುವ ರಕ್ತ. ಹೊರಗೆ ಬರಲು ಅದಕ್ಕೆ ದಾರಿ ಇಲ್ಲ.

ನಾಯಿ ಬೊಗಳಿದ ಮೇಲೆ ಮಂದೆ ಸಿಕ್ಕಿತು. ಚಿಕ್ಕಪ್ಪ ಬೇವಿನ ಮರದ ಕೆಳಗೆ ಕುಳಿತಿದ್ದ.

"ಏನವ್ವಾ, ಪೇಪರ್‌ನೋರು ಕುರಿ ಸುದ್ದಿ ಕೇಳಾಕೆ ಬಂದ್ರಾ? ಕುಂತ್ಕ ಬಾ ನೆಳ್ಳಿಗೆ."

"ಚಿಕ್ಕಪ್ಪ, ಬೆಳಿಗ್ಗೆ ಕೊಟ್ರಲ್ಲ ಡಬ್ಬಿ, ಎಲ್ಲೈತೆ?"

"ಸೂಜಿಮದ್ದಿನ ಡಬ್ಬೀನಾ? ಅಗೋ, ಕೊಂಬ್ಯಾಗೆ. ಬಲೇ ಮದ್ದು ಕಣವ್ವ ಅದು, ನೀರು ಹಾಕಿ ಅಲ್ಲಾಡಿಸಿದ್ರೆ ನೊರೆ ಬರ್ತೈತೆ. ಆ ಕುಂಟಿ ಕುರೀಗೆ ಎರಡು ಹಾಕಿದೆ ನೋಡು. ಸಂಜೀಕೆ ಇನ್ನೆರಡು ಹಾಕಾಣ ಅಂತ..."

ನಾನು ಪೂರ್ತಿ ಕೇಳಲಿಲ್ಲ. ಡಬ್ಬಿಯನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ಕೊಂಬೆಗೆ ನೇತುಹಾಕಿದ್ದ. ಕುರಿ ಕಾಯುವವರು ಕುಡಿಯುವ ನೀರನ್ನೂ ಹಾಗೆಯೇ ಇಟ್ಟುಕೊಳ್ಳುತ್ತಾರೆ. ಬಿಚ್ಚಿ ನೋಡಿದೆ. ಎರಡು ಬಾಟಲಿ ಖಾಲಿ. ಎರಡು ಹಾಗೇ ಇದ್ದವು, ನೀರಿನ ಬಾಟಲಿಗಳ ಜೊತೆ. ಮುಟ್ಟಿದರೆ ತಂಪಿತ್ತು.

"ಯಾಕವ್ವಾ? ಏನಾಯ್ತು?"

ಹೇಳಿದೆ. ಅದು ಯಾರ ಮದ್ದು, ಇವತ್ತು ಏನಾಗಿದೆ, ಎರಡು ಮಾತಿನಲ್ಲಿ. ಅವನು ಎದ್ದು ನಿಂತವನು ಮತ್ತೆ ಕುಳಿತುಬಿಟ್ಟ.

"ನಮ್ಮ ಗುರುತಿತ್ತು. ನಮ್ಮ ಕುರೀದೇ ಅಂದ್ಕಂಡೆ ಕಣವ್ವ" ಎಂದ. ಆಮೇಲೆ, "ಉಳಿದಿದ್ದು ಸಾಕಾಗ್ತೈತಾ?"

"ಗೊತ್ತಿಲ್ಲ" ಎಂದೆ. ಡಬ್ಬಿಯನ್ನು ಗೋಣಿಯ ಸಮೇತ ಹೊಟ್ಟೆಗೆ ಅವುಚಿಕೊಂಡು ಗಾಡಿ ತಿರುಗಿಸಿದೆ.

ನಾನು ರಸ್ತೆ ಮುಟ್ಟುವಾಗ ಆಂಬುಲೆನ್ಸ್ ಬಂದು ನಿಂತಿತ್ತು. ಅವ್ವ ಊರಲ್ಲೇ ಉಳಿದಳು. ತಮ್ಮನ ಜೊತೆ ಅವನ ಹೆಂಡತಿಯೂ ನಾನೂ ಹತ್ತಿದೆವು. ಒಳಗಿದ್ದ ಸಿಬ್ಬಂದಿ, ಅವನನ್ನು ನಿದ್ದೆಗೆ ಬಿಡಬೇಡಿ, ಮಾತಾಡಿಸುತ್ತಿರಿ ಎಂದರು. ಅವನ ಹೆಂಡತಿ ಮಾತಾಡಿಸಿದಳು. ಬಾಯಿಗೆ ಬಂದದ್ದೆಲ್ಲ ಕೇಳಿದಳು. ನಮ್ಮ ಮದುವೆ ಯಾವ ಊರಾಗೆ ಆಯ್ತು? ಎಡಗಾಲಿನ ಚಪ್ಪಲಿ ಯಾರು ಕದ್ರು? ಅವನು ಕಣ್ಣು ಮುಚ್ಚಿಕೊಂಡೇ ಸರಿಯಾಗಿ ಹೇಳುತ್ತಿದ್ದ. "ಪರೀಕ್ಷೆ ಮಾಡ್ತೀಯೇನೇ, ಮೇಷ್ಟ್ರ ಮಗಳೇ" ಎಂದು ಒಂದು ಸಲ ಗೊಣಗಿದ. ಅವಳಿಗೆ ಅದರಿಂದ ಧೈರ್ಯ ಬಂತು.

ಹಿರಿಯೂರು ಇನ್ನೂ ದೂರವಿರುವಾಗ ಅವಳು ನನ್ನ ಕಡೆ ಬೆರಳು ಮಾಡಿದಳು. "ಇವರ್ಯಾರು ಹೇಳ್ರಿ?"

ಅವನು ಕಣ್ಣು ಬಿಟ್ಟು ನನ್ನನ್ನು ಸ್ವಲ್ಪ ಹೊತ್ತು ನೋಡಿದ.

"ಅವ್ವ" ಎಂದ.

ಅವಳು ಅವನ ಕೈ ಹಿಡಿದು ಅಲ್ಲಾಡಿಸುತ್ತ ಕುಳಿತಳು. ನಾನು ಚಿತ್ರದುರ್ಗದ ವೈದ್ಯೆಗೆ ಫೋನ್ ಮಾಡಿದೆ. ಎರಡೇ ಬಾಟಲಿ ಉಳಿದಿವೆ, ಬೆಳಗಿನಿಂದ ಹೊರಗಿದ್ದವು ಎಂದೆ. ಉಳಿದೆರಡು ಏನಾದವು ಎಂದು ಅವರು ಕೇಳಲಿಲ್ಲ. "ಪುಡಿ ಪುಡಿಯಾಗೇ ಇದೆಯಾ? ಬಾಟಲಿ ಒಡೆದಿಲ್ಲ ತಾನೆ? ಹಿರಿಯೂರಲ್ಲಿ ಎರಡನ್ನೂ ಕೊಡಿಸಿಬಿಡಿ. ಅಲ್ಲಿನ ಡಾಕ್ಟರ್ ಜೊತೆ ನಾನು ಮಾತಾಡ್ತೀನಿ. ಸ್ಕ್ಯಾನ್‌ಗೆ ಅಂತ ಅಲ್ಲಿ ನಿಲ್ಲಬೇಡಿ. ಬಾಕಿ ಡೋಸ್ ಹಿಡ್ಕೊಂಡು ನಾನಿಲ್ಲಿ ಬಾಗಿಲಲ್ಲೇ ಇರ್ತೀನಿ."

ಹಿರಿಯೂರಿನಲ್ಲಿ ಕರ್ತವ್ಯದಲ್ಲಿದ್ದ ವೈದ್ಯರು ಚಿಕ್ಕ ವಯಸ್ಸಿನವರು. ಈ ಔಷಧಿಯನ್ನು ಓದಿದ್ದೇನೆ, ಕೊಟ್ಟಿಲ್ಲ ಎಂದು ನೇರವಾಗಿ ಹೇಳಿದರು. ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡು ಅತ್ತ ಹೇಳಿದಂತೆ ಇತ್ತ ಮಾಡಿದರು. ಬಾಟಲಿಯನ್ನು ಕುಲುಕದೆ ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ ಕರಗಿಸಿದರು. ಪುಡಿ ಕರಗುವವರೆಗೆ ನಾವೆಲ್ಲ ಅದನ್ನೇ ನೋಡುತ್ತ ನಿಂತಿದ್ದೆವು. ನಿಧಾನವಾಗಿ ಚುಚ್ಚಿದರು. ಅದು ಕೆಲಸ ಮಾಡುತ್ತದೋ ಇಲ್ಲವೋ ಎಂದು ನೋಡಿ ತಿಳಿಯುವಂಥದ್ದಲ್ಲ. ಬಣ್ಣವಿಲ್ಲದ ನೀರು ಒಳಗೆ ಹೋಯಿತು, ಅಷ್ಟೇ.

ಹೆದ್ದಾರಿಯಲ್ಲಿ ಅವನು ಮಾತಾಡಲಿಲ್ಲ. ಚಿವುಟಿದರೆ ಕೈ ಎಳೆದುಕೊಳ್ಳುತ್ತಿದ್ದ. ಆ ದಾರಿಯಲ್ಲಿ ನಾನು ಎಷ್ಟೋ ಸಲ ಓಡಾಡಿದ್ದೇನೆ. ಅಪಘಾತದ ಸುದ್ದಿಗೆ ಹೋಗಿ ನಿಂತು ಊರು, ವಯಸ್ಸು ಬರೆದುಕೊಂಡಿದ್ದೇನೆ. ಅವತ್ತು ತಮ್ಮನ ವಯಸ್ಸು ತಾನಾಗಿಯೇ ನೆನಪಿಗೆ ಬಂತು. ಸುದ್ದಿಯ ಮೊದಲ ವಾಕ್ಯವೂ ತಲೆಯೊಳಗೆ ಕೂಡಿಕೊಳ್ಳತೊಡಗಿತು. ಅದನ್ನು ತಡೆಯಲು ನಾನು ಅವನ ಹೆಂಡತಿಯ ಬಳೆಗಳನ್ನು ನೋಡುತ್ತ ಕುಳಿತೆ.

ವೈದ್ಯೆ ಹೇಳಿದಂತೆ ಬಾಗಿಲಲ್ಲೇ ಇದ್ದರು. ಸ್ಟ್ರೆಚರ್ ಮೇಲೆಯೇ ಉಳಿದ ಡೋಸ್ ಕೊಟ್ಟು ಆಮೇಲೆ ಸ್ಕ್ಯಾನ್‌ಗೆ ಒಯ್ದರು. ಮಿದುಳಿನ ಪೊರೆಯ ಕೆಳಗೆ ತೆಳ್ಳಗೆ ರಕ್ತ ಹರಡಿದೆ ಎಂದರು. ಸದ್ಯಕ್ಕೆ ಆಪರೇಷನ್ ಬೇಡ, ಫ್ಯಾಕ್ಟರ್ ಮುಂದುವರಿಸುತ್ತೇವೆ, ಮತ್ತೊಂದು ಸ್ಕ್ಯಾನ್‌ನಲ್ಲಿ ಅದು ದಪ್ಪವಾಗಿದ್ದರೆ ಮಾತ್ರ ಯೋಚನೆ. ಮಾತ್ರ ಎಂಬ ಆ ಪದ ಹಿಡಿದುಕೊಂಡು ನಾವು ಕಾದೆವು. ಅವನ ಹೆಂಡತಿ ಸ್ಕ್ಯಾನ್ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿದ್ದಳು. ತೆರೆದರೆ ತನಗೇ ಮೊದಲು ತಿಳಿಯಲಿ ಎಂದು. ಎರಡನೆಯ ಸ್ಕ್ಯಾನ್‌ನಲ್ಲಿ ರಕ್ತ ಹೆಚ್ಚಾಗಿರಲಿಲ್ಲ. ಅವಳು ಅಳಲಿಲ್ಲ. ಎದ್ದು ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದಳು.

ತಮ್ಮ ಚೇತರಿಸಿಕೊಂಡು ಮಾತಾಡತೊಡಗಿದ ಮೇಲೆ, ಚಿಕ್ಕಪ್ಪ ಮಂದೆಯನ್ನು ನೆಂಟರಿಗೆ ಒಪ್ಪಿಸಿ ಬಂದ. ವಾರ್ಡಿನ ಹೊರಗೇ ನಿಂತ, ಒಳಗೆ ಬರಲು ಒಪ್ಪಲಿಲ್ಲ. ತಮ್ಮನೇ ಹಾಸಿಗೆಯಿಂದ ಕೂಗಿದ.

"ಬಾ ಚಿಕ್ಕಪ್ಪ. ಆ ಕುಂಟಿಗೆ ಇನ್ನು ಮುಳ್ಳು ತರಚಿದ್ರೂ ಒಂದು ಹನಿ ರಕ್ತ ಬರಾಕಿಲ್ಲ ಬಿಡು."

ಚಿಕ್ಕಪ್ಪ ನಗಲೂ ಆರದೆ, ಬಾಯಿಗೆ ಮುಂಡಾಸಿನ ಸೆರಗು ಒತ್ತಿಕೊಂಡ.

ಪಕ್ಕದ ಮಂಚದಲ್ಲಿ ಹೊಸದುರ್ಗದಿಂದ ಬಂದಿದ್ದ ಒಬ್ಬರು ಊದಿದ ಮೊಣಕಾಲು ಚಾಚಿಕೊಂಡು ಮಲಗಿದ್ದರು. ಅವರಿಗೂ ಇದೇ ಕಾಯಿಲೆ. ನಮ್ಮ ಕಥೆ ಕೇಳಿ, "ನಂದು ಹೂವಿನಂಗಡಿ ಫ್ರಿಜ್ಜಿನಾಗೆ ಐತೆ ಕಣ್ರಿ. ಮದುವೆ ಸೀಸನ್ ಬಂತಂದ್ರೆ ನನ್ನ ಡಬ್ಬಿ ಹೊರಗೆ, ಹಾರ ಒಳಗೆ" ಎಂದರು. ಹೊಳಲ್ಕೆರೆಯ ಒಬ್ಬ ತಾಯಿ ಮಗನಿಗೆ ಡೋಸ್ ಹಾಕಿಸಲು ಬಂದಿದ್ದರು. "ನೀವಾದ್ರೂ ಊರಾಗೆ ಇಟ್ಕಂಡಿದ್ರಿ. ನಮಗೆ ಇಡಾಕೂ ಜಾಗ ಇಲ್ಲ, ಚುಚ್ಚೋರೂ ಇಲ್ಲ. ಬಸ್ಸೇ ನಮ್ಮ ಆಸ್ಪತ್ರೆ" ಎಂದರು. ಹೂವಿನಂಗಡಿಯ ಮಾತಿಗೆ ನಕ್ಕಿದ್ದವರು ಇದಕ್ಕೆ ನಗಲಿಲ್ಲ.

ಮನೆಗೆ ಕಳಿಸುವ ಮುನ್ನ ವೈದ್ಯೆ ತಮ್ಮನ ಹೆಂಡತಿಯನ್ನು ಕರೆದರು. ಮುಂದಿನ ಸಲದ ಡಬ್ಬಿ ಎಲ್ಲಿ ಇಡುವುದೆಂದು ಆಮೇಲೆ ಮಾತಾಡೋಣ, ಮೊದಲು ನೀನು ಚುಚ್ಚುವುದು ಕಲಿ ಎಂದರು. ಹಿರಿಯೂರಿನವರೆಗೂ ಕಾಯಬೇಕಾದ ಗತಿ ಬೇಡ.

"ನನ್ನ ಕೈಲಾಗಲ್ಲ ಮೇಡಂ. ನರ ತಪ್ಪಿದ್ರೆ?"

"ತಪ್ಪುತ್ತೆ. ತೆಗೆದು ಒತ್ತಿ ಹಿಡಿ, ಇನ್ನೊಂದು ಕಡೆ ಹುಡುಕು."

ಕೊನೆಯ ಡೋಸ್ ಅವಳ ಕೈಯಿಂದಲೇ ಆಯಿತು. ನರ್ಸ್ ಪಕ್ಕದಲ್ಲಿ ನಿಂತರು. ಅವಳು ಬಾಟಲಿಯನ್ನು ಅಂಗೈಗಳ ನಡುವೆ ಹೊರಳಿಸಿ ಕರಗಿಸಿದಳು, ಸಿರಿಂಜಿನ ಗಾಳಿ ತೆಗೆದಳು. ಗಂಡನ ತೋಳಿಗೆ ಪಟ್ಟಿ ಬಿಗಿದು ನರವನ್ನು ಮುಟ್ಟಿ ಮುಟ್ಟಿ ನೋಡಿದಳು. ಮೊದಲನೆಯ ಸಲ ತಪ್ಪಿತು. ಚರ್ಮದ ಕೆಳಗೆ ನೀಲಿ ಹರಡುವುದು ನಮ್ಮ ಕಣ್ಣಿಗೇ ಕಾಣುತ್ತಿತ್ತು. ಅವಳು ಹತ್ತಿ ಒತ್ತಿ ಹಿಡಿದು ನನ್ನನ್ನು ನೋಡಿದಳು, ನಾನು ಬಂದು ಮಾಡಿಬಿಡುತ್ತೇನೆ ಎಂಬಂತೆ. ನನಗೂ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಹೆದರಬ್ಯಾಡ. ಈ ಕೈಯಾಗೆ ನೋಡು" ಎಂದು ತಮ್ಮ ಇನ್ನೊಂದು ತೋಳು ಚಾಚಿದ. ಹೇಳುವಾಗ ಅವನ ದನಿಯೂ ಗಟ್ಟಿಯಾಗಿರಲಿಲ್ಲ.

ಅವಳು ಪಟ್ಟಿ ಬಿಚ್ಚಿ ಆ ತೋಳಿಗೆ ಕಟ್ಟಿದಳು. ಎರಡನೆಯ ಸಲ ಸೂಜಿಯ ಹಿಂದಿನ ಸಣ್ಣ ಕೊಳವೆಗೆ ರಕ್ತ ಬಂದು ನಿಂತಿತು. ಆ ವಾರವೆಲ್ಲ ನಾನು ಕಾಣಬಾರದು ಎಂದುಕೊಂಡಿದ್ದ ಬಣ್ಣ. ನರ್ಸ್, "ಸಿಕ್ತು. ಪಟ್ಟಿ ಬಿಡು, ಈಗ ನಿಧಾನಕ್ಕೆ ತಳ್ಳು" ಎಂದರು. ಅವಳು ಉಸಿರು ಬಿಗಿಹಿಡಿದು ತಳ್ಳುತ್ತಾ ಹೋದಳು. ಸಿರಿಂಜು ಖಾಲಿಯಾದ ಮೇಲೆ ಸೂಜಿ ತೆಗೆದು, ಹತ್ತಿ ಒತ್ತಿ ಹಿಡಿದಳು.